ಅಳಿಯ ಬಂದು ಕೇಳಲಿ

ಅಳಿಯ ಆಲೂಗಡ್ಡೆ ಹೊಲಕ್ಕೆ ನೀರು ಬಿಡುವುದನ್ನು ನೋಡಲೆಂದೇ ಅತ್ತೆ ದಿನಾ ಸಂಜೆ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಬೇರೆಯವರ ಮನೆಯಲ್ಲಿ ಹೊತ್ತು ಕಳೆಯಲು ಟೀವಿ ಇರುತ್ತದೆ. ಇವಳಿಗೆ ಅಳಿಯ ಇದ್ದ.

ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಹಾಕಿಕೊಂಡು ಅವನು ಮೆಟ್ಟಿಲಿಳಿಯುತ್ತಿದ್ದ. ನೆಲ ಒಣಗಿದ್ದರೂ ಬೂಟು, ಒದ್ದೆಯಾಗಿದ್ದರೂ ಬೂಟು. ಪಂಪಿನ ಕೋಣೆಯ ಬೀಗ ತೆಗೆದು, ಗುಂಡಿ ಒತ್ತಿ, ಎಲ್ಲಿ ಮೊದಲ ಹನಿ ತಪ್ಪಿಹೋಗುತ್ತದೋ ಎಂಬ ಹಾಗೆ ಓಡಿಬಂದು ಹೊಲದ ಮುಂದೆ ನಿಲ್ಲುತ್ತಿದ್ದ. ಕೊಳವೆಗಳ ತುದಿಯ ಸ್ಪ್ರಿಂಕ್ಲರುಗಳು ಮೊದಲು ಕೆಮ್ಮಿ, ಆಮೇಲೆ ಉಗುಳಿ, ಕೊನೆಗೆ ಗಿರಗಿರನೆ ತಿರುಗುತ್ತ ಇಡೀ ಹೊಲದ ನೆತ್ತಿಯ ಮೇಲೆ ನೀರು ಎರಚುತ್ತಿದ್ದವು. ಇಳಿಬಿಸಿಲಿಗೆ ಹನಿಗಳು ಮಿನುಗುತ್ತಿದ್ದವು. ಆಗ ಅಳಿಯ ಫೋನು ತೆಗೆಯುವನು. ನಿಂತು ಒಂದು ಫೋಟೋ, ಕೂತು ಒಂದು ಫೋಟೋ, ತನ್ನ ಮೋರೆಯನ್ನೂ ಸೇರಿಸಿಕೊಂಡು ಮತ್ತೊಂದು. ಬೆಳಿಗ್ಗೆ ನೀರು ಬಿಟ್ಟರೆ ಬೆಳಕು ಚೆನ್ನಾಗಿ ಬೀಳುವುದಿಲ್ಲವೆಂದು ಅವನು ನೀರಿನ ಹೊತ್ತನ್ನೇ ಸಂಜೆಗೆ ಬದಲಾಯಿಸಿದ್ದ.

ಆಲೂಗಡ್ಡೆಗೆ ಬಾಯಿ ಇರುವುದು ಬೇರಿನಲ್ಲಿ, ತಲೆಯಲ್ಲಲ್ಲ. ಇಷ್ಟು ತಿಳಿಯುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಸಂಜೆ ತಲೆಗೆ ನೀರು ಹೊಯ್ದುಕೊಂಡು ಒರೆಸದೆ ಮಲಗಿದರೆ ಮನುಷ್ಯನಿಗೇ ನೆಗಡಿಯಾಗುತ್ತದೆ, ಎಲೆಗೆ ಏನೂ ಆಗದೆ ಇರುತ್ತದೆಯೇ? ಅತ್ತೆಯ ಕಾಲದಲ್ಲಿ ನೀರು ಬೆಳಿಗ್ಗೆ ಹೋಗುತ್ತಿತ್ತು, ಮಣ್ಣು ಏರಿಸಿದ ದಿಂಡುಗಳ ನಡುವಿನ ಸಾಲಿನಲ್ಲಿ ಸಣ್ಣಗೆ, ಎಲೆಗೆ ತಾಗದಂತೆ. ಬಿಡುವ ಮುಂಚೆ ಅವಳು ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡುತ್ತಿದ್ದಳು. ಉಂಡೆಯಾಗಿ ನಿಂತರೆ ಆ ದಿನ ನೀರಿಲ್ಲ. ಪುಡಿಯಾಗಿ ಉದುರಿದರೆ ಮಾತ್ರ ಪಂಪು.

ಇದನ್ನೆಲ್ಲ ಅವಳು ಅಳಿಯನಿಗೆ ಹೇಳಿದ್ದಳೇ? ಇಲ್ಲ. ಅವನು ಕೇಳಿರಲಿಲ್ಲ.

ಈ ಕೇಳುವ ವಿಷಯಕ್ಕೆ ಒಂದು ಹಿನ್ನೆಲೆ ಇದೆ. ಅತ್ತೆಗೆ ಮೊಣಕಾಲು ಹಿಡಿದ ವರ್ಷ, ಊಟಕ್ಕೆ ಕೂತಾಗ ಅವಳು ಮಗಳು ಅಳಿಯ ಇಬ್ಬರಿಗೂ ಕೇಳಿಸುವಂತೆ, "ಇನ್ನು ಹೊಲ ನಿಮ್ಮದು. ನಾನು ಬಾಯಿ ಹಾಕೋಕೆ ಬರಲ್ಲ" ಎಂದಿದ್ದಳು. ಇಂಥ ಮಾತನ್ನು ಜನ ಯಾಕೆ ಆಡುತ್ತಾರೆಂಬುದು ಮಾತು ಬಲ್ಲ ಎಲ್ಲರಿಗೂ ಗೊತ್ತು. ಎದುರಿಗಿರುವವರು "ಅಯ್ಯೋ, ನೀವಿಲ್ಲದೆ ಹೊಲವೇ?" ಎನ್ನಬೇಕು, ಒತ್ತಾಯ ಮಾಡಬೇಕು, ಆಮೇಲೆ ಇವರು ಒಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳಬೇಕು. ಅಳಿಯ ಮಾಡಿದ್ದೇನು? ಬಾಯಲ್ಲಿದ್ದ ತುತ್ತು ನುಂಗಿ, "ಆಗಲಿ ಅತ್ತೆ. ಹಾಗಾದ್ರೆ ಪಂಪಿನ ಕೋಣೆ ಬೀಗದ ಕೈ?" ಎಂದು ಕೈ ಚಾಚಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಮರುದಿನವೇ ಬೂಟು ಕೊಂಡ.

ಅತ್ತೆ ಬೀಗದ ಕೈ ಕೊಟ್ಟಳು. ಆದರೆ ಹೊಲದ ನಡುವಿನ ಒಂದಷ್ಟು ಸಾಲುಗಳನ್ನು ಮಾತ್ರ ಕೊಡಲಿಲ್ಲ. ಅವು ಬೀಜದ ಸಾಲುಗಳು. ತೆಳು ಕೆಂಪು ಸಿಪ್ಪೆಯ, ಒಳಗೆ ಬೆಣ್ಣೆಬಣ್ಣದ ಆ ಗೆಡ್ಡೆ ಅವಳ ಅರ್ಧ ಆಯುಷ್ಯದ ಕೆಲಸ. ಪ್ರತಿ ವರ್ಷ ಸಾಲಿನ ಉದ್ದಕ್ಕೂ ನಡೆದು, ಎಲೆ ಮುದುಡಿದ ಗಿಡ, ಬಣ್ಣಗೆಟ್ಟ ಗಿಡ, ಕುಳ್ಳಗೆ ನಿಂತ ಗಿಡ ಕಂಡರೆ ಕರುಣೆಯಿಲ್ಲದೆ ಕಿತ್ತೆಸೆದು, ಉಳಿದವುಗಳಲ್ಲಿ ಮೇಲಾದ ಗಿಡದ ಗೆಡ್ಡೆಯನ್ನೇ ಮುಂದಿನ ವರ್ಷಕ್ಕೆ ಎತ್ತಿಡುತ್ತ ಬಂದಿದ್ದಳು. ಹಿಂದೆ ನೆರೆಯವರಿಗೂ ಕೊಡುತ್ತಿದ್ದಳು. ಅವರು ರೋಗದ ಗಿಡಕ್ಕೂ "ಪಾಪ, ಬದುಕಿಕೊಳ್ಳಲಿ" ಎಂದು ನೀರೆರೆಯುವುದನ್ನು ನೋಡಿ ಹೊಟ್ಟೆ ಉರಿದು, ಕೋಣನ ಮುಂದೆ ಕಿನ್ನರಿ ಬಾರಿಸುವುದೇಕೆಂದು ಕೊಡುವುದನ್ನೇ ನಿಲ್ಲಿಸಿದಳು. ಈಗ ಆ ಗೆಡ್ಡೆ ಜಗತ್ತಿನಲ್ಲಿ ಇದ್ದದ್ದು ಆ ಕೆಲವು ಸಾಲುಗಳಲ್ಲಿ ಮಾತ್ರ.

ಮಗಳು ಈ ಯಾವುದಕ್ಕೂ ತಲೆ ಹಾಕುತ್ತಿರಲಿಲ್ಲ. ಅವಳು ಶೀತಲ ಗೋದಾಮಿನಲ್ಲಿ ಗೆಡ್ಡೆ ವಿಂಗಡಿಸುವವರ ಮೇಲೆ ಮೇಲ್ವಿಚಾರಕಿ. ದಿನವಿಡೀ ಊರವರ ಆಲೂಗಡ್ಡೆ ಕೊಯ್ದು ನೋಡಿ, ಇದು ಒಳಗೆ, ಇದು ಹೊರಗೆ ಎಂದು ತೀರ್ಪು ಕೊಟ್ಟು ಬಂದವಳಿಗೆ ಮನೆಯಲ್ಲಿ ಆಲೂಗಡ್ಡೆಯ ಹೆಸರು ಎತ್ತಿದರೆ ಆಗುತ್ತಿರಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವುದು ನಾಲಿಗೆಯ ಮಟ್ಟಿಗಂತೂ ನಿಜವಾಗಿತ್ತು. ಗೋದಾಮಿನ ಹೆಂಗಸರು ಅವಳ ಬೆನ್ನ ಹಿಂದೆ ಅವಳನ್ನು "ಚಾಕು" ಎಂದು ಕರೆಯುತ್ತಿದ್ದರು.

ಆ ವರ್ಷ ಅಳಿಯನಿಗೆ ಹಿಡಿದ ಹುಚ್ಚು ಬೆಳೆಗಾರರ ಸಂಘದ ಬೋರ್ಡಿನದು. ಪ್ರತಿ ಬೆಳೆಗೂ ಸಂಘದವರು ಒಂದು ಹೊಲವನ್ನು "ಮಾದರಿ ಹೊಲ" ಎಂದು ಆರಿಸಿ, ರಸ್ತೆಯ ಪಕ್ಕದಲ್ಲಿ ಬಣ್ಣದ ಬೋರ್ಡು ನೆಡುತ್ತಿದ್ದರು. ಆರಿಸುವವರ ಯೋಗ್ಯತೆ ಕೇಳಬೇಡಿ. ಅಧ್ಯಕ್ಷನದು ಗೋಣಿಚೀಲದ ವ್ಯಾಪಾರ, ಆಲೂಗಡ್ಡೆಯನ್ನು ಅವನು ಚೀಲದ ಹೊರಗೆ ನೋಡಿದ್ದು ಅಪರೂಪ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಬೇರೆ ಯಾರೂ ಒಪ್ಪದಾಗ ಅವನು ಅಧ್ಯಕ್ಷನಾಗಿದ್ದ. ಇವರು ಬರುತ್ತಾರೆ, ರಸ್ತೆಯ ಮೇಲೆ ನಿಲ್ಲುತ್ತಾರೆ, ಯಾವುದು ಹೆಚ್ಚು ಹಸಿರೋ ಅದು ಮಾದರಿ. ನೆಲದೊಳಗೆ ಬೆಳೆಯುವ ಬೆಳೆಯನ್ನು ನೆಲದ ಮೇಲೆ ನೋಡಿ ಮೆಚ್ಚುವುದೆಂದರೆ ಹುಡುಗನ ಕ್ರಾಪು ನೋಡಿ ಹೆಣ್ಣು ಕೊಟ್ಟ ಹಾಗೆ. ಅತ್ತೆಗೆ ಆ ವಿಷಯದಲ್ಲೂ ಅನುಭವವಿತ್ತು.

ಹಸಿರಿಗಾಗಿ ಅಳಿಯ ಇನ್ನಷ್ಟು ನೀರು ಬಿಟ್ಟ, ಇನ್ನಷ್ಟು ಯೂರಿಯಾ ಹಾಕಿದ. ಗಿಡಗಳು ಸೊಂಟದೆತ್ತರ ಬೆಳೆದು ಒಂದರ ಮೇಲೊಂದು ಬಿದ್ದು, ನಡುವೆ ಗಾಳಿ ಆಡದಂತಾಯಿತು. ಅದು ಸಾಲದೆಂದು ಒಂದು ದಿನ ಗುದ್ದಲಿ ಹಿಡಿದು ಹೊಲದ ಕೆಳಗಿನ ಅಂಚಿಗೆ ಹೋದ. ಅಲ್ಲಿ ರಸ್ತೆಗೂ ಹೊಲಕ್ಕೂ ನಡುವೆ ಒಂದು ಬಸಿಗಾಲುವೆ ಇತ್ತು, ಹೆಚ್ಚಾದ ನೀರು ಹೊರಗೆ ಹೋಗಲು ಹಿಂದೆ ಅತ್ತೆ ಮತ್ತು ಅವಳ ಗಂಡ ತೋಡಿದ್ದು. ಸಂಘದವರು ಅದನ್ನು ದಾಟಿ ಬರುವಾಗ ಕಷ್ಟವಾಗಬಾರದಲ್ಲ? ಅಳಿಯ ಅದಕ್ಕೆ ಮಣ್ಣು ತುಂಬಿ, ಬೂಟಿನಿಂದ ತುಳಿದು, ಮಟ್ಟಸವಾದ ದಾರಿ ಮಾಡಿದ. ಅತ್ತೆ ಕುರ್ಚಿಯಲ್ಲಿ ಕೂತೇ ಎಲ್ಲವನ್ನೂ ನೋಡಿದಳು. ಮಣ್ಣಿನ ಕೊನೆಯ ಗುದ್ದಲಿ ಬಿದ್ದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮೋಡ ಕವಿದ ಒಂದು ಬೆಳಿಗ್ಗೆ ಬೀಜದ ಸಾಲುಗಳಲ್ಲಿ ಕಳೆ ಕೀಳಲು ಹೋಗುತ್ತ, ಅಳಿಯನ ಭಾಗದ ಗಿಡವೊಂದರಲ್ಲಿ ಅವಳಿಗೆ ಅದು ಕಂಡಿತು. ಎಲೆಯ ಅಂಚಿನಲ್ಲಿ, ನೀರಿನಲ್ಲಿ ನೆನೆದ ಕಾಗದದ ಹಾಗೆ ಕಪ್ಪಗಿನ ಮಚ್ಚೆ. ಸುತ್ತ ತಿಳಿಹಸಿರು ಗೆರೆ. ಎಲೆಯನ್ನು ಮಗುಚಿ ನೋಡಿದಳು. ಅಡಿಯಲ್ಲಿ ಮಚ್ಚೆಯ ಸುತ್ತ ಬೂದಿ ಹಚ್ಚಿದಷ್ಟು ತೆಳ್ಳಗೆ ಬಿಳಿ ಬೂಷ್ಟು. ಬಿಸಿಲೇರಿದರೆ ಆ ಬಿಳುಪು ಮಾಯವಾಗಿಬಿಡುತ್ತದೆ, ಬೆಳಿಗ್ಗೆ ಬಂದವರಿಗೆ ಮಾತ್ರ ಕಾಣುತ್ತದೆ. ಅಳಿಯ ಬೆಳಿಗ್ಗೆ ಏಳುವವನಲ್ಲ.

ಅಂಗಮಾರಿ. ಈ ರೋಗ ಬಂದರೆ ಮಾಡಬೇಕಾದದ್ದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಮೊದಲು ನೀರು ನಿಲ್ಲಿಸಬೇಕು. ಮಚ್ಚೆ ಕಂಡ ಗಿಡಗಳನ್ನು ಕಿತ್ತು ಹೂಳಬೇಕು. ಉಳಿದವಕ್ಕೆ ಔಷಧಿ ಹೊಡೆಯಬೇಕು. ಅದೂ ಕೈಮೀರಿದರೆ ಸೊಪ್ಪನ್ನೆಲ್ಲ ಬುಡಕ್ಕೆ ಕತ್ತರಿಸಿ ಹೊರಗೆ ಹಾಕಿ, ಒಳಗಿನ ಗೆಡ್ಡೆಯನ್ನಾದರೂ ಉಳಿಸಿಕೊಳ್ಳಬೇಕು. ಆ ದಿನ ಇದ್ದದ್ದು ಬೆರಳೆಣಿಕೆಯ ಗಿಡಗಳು. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೇಳಲೇ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು ಕೂಡ. ಅಷ್ಟರಲ್ಲಿ ಒಳಗಿನಿಂದ ಅಳಿಯನ ಗೊರಕೆ ಕೇಳಿಸಿತು. ಆ ಗೊರಕೆಗೆ ಅವಳ ಮೈ ಉರಿದುಹೋಯಿತು. ನಾನು ಯಾಕೆ ಹೇಳಬೇಕು? ಬೀಗದ ಕೈ ಕೇಳುವುದಕ್ಕೆ ಬಾಯಿತ್ತು, ಇದನ್ನು ಕೇಳುವುದಕ್ಕಿಲ್ಲವೇ? ಬಂದು ಕೇಳಲಿ. ನಾಲ್ಕು ಜನರ ಮುಂದೆ ಬಂದು, "ಅತ್ತೆ, ನನಗೆ ತಿಳಿಯಲಿಲ್ಲ, ನೀವೇ ದಾರಿ ತೋರಿಸಿ" ಎನ್ನಲಿ. ಆಗ ತೋರಿಸುತ್ತೇನೆ. ಬೂಟು ಬಿಚ್ಚಿ ಬರಲಿ ಎಂಬುದನ್ನೂ ಅವಳು ಸೇರಿಸಿಕೊಂಡಳು. ಆ ದೃಶ್ಯ ಅವಳಿಗೆ ಎಷ್ಟು ರುಚಿಸಿತೆಂದರೆ, ದಿನವಿಡೀ ಅದನ್ನೇ ಮೆಲುಕು ಹಾಕಿದಳು.

ಹಾಗೆಂದು ಬೀಜದ ಸಾಲುಗಳನ್ನು ಬಿಡುವಷ್ಟು ದಡ್ಡಿಯಲ್ಲ ಅವಳು. ಮಗಳು ಕೆಲಸಕ್ಕೆ, ಅಳಿಯ ಪೇಟೆಗೆ ಹೋದ ಮೇಲೆ, ಸ್ನಾನದ ಮನೆಯ ಹಿಂದೆ ಕೂತು, ಪ್ಲಾಸ್ಟಿಕ್ ಬಕೆಟ್ಟೊಂದರಲ್ಲಿ ಮೈಲುತುತ್ತ ಕರಗಿಸಿದಳು. ಇನ್ನೊಂದರಲ್ಲಿ ಸುಣ್ಣದ ತಿಳಿ. ಎರಡನ್ನೂ ಒಟ್ಟಿಗೆ ಸುರಿದು, ಕುಡುಗೋಲಿನ ತುದಿ ಅದ್ದಿ ನೋಡಿದಳು. ಕಬ್ಬಿಣದ ಮೇಲೆ ಕೆಂಪು ಹತ್ತಿದರೆ ಸುಣ್ಣ ಕಡಿಮೆಯೆಂದು ಅರ್ಥ. ಹತ್ತಲಿಲ್ಲ. ಆಕಾಶದ ಬಣ್ಣದ ಆ ನೀರನ್ನು ಔಷಧಿ ಹೊಡೆಯುವ ಕೈಪಂಪಿಗೆ ತುಂಬಿಕೊಂಡು, ತನ್ನ ಸಾಲುಗಳಿಗೆ, ಎಲೆಯ ಮೇಲೂ ಅಡಿಯಲ್ಲೂ ಹೊಡೆದಳು. ಪಕ್ಕದ ಸಾಲಿಗೆ ಒಂದು ಹನಿಯೂ ಬೀಳದಂತೆ ಜಾಗ್ರತೆ ವಹಿಸಿದಳು. ಬಕೆಟ್ಟನ್ನು ತೊಳೆದು ಬೋರಲು ಹಾಕಿದಳು. ಮೊಣಕಾಲು ನೋವು ಅಂದು ಅವಳಿಗೆ ಗೊತ್ತೇ ಆಗಲಿಲ್ಲ.

ನಿಜ ಹೇಳಬೇಕೆಂದರೆ, ಅಳಿಯ ಬಂದು ಕೇಳಿದ. ಅದಾಗಿ ಎರಡು ಮೂರು ದಿನಕ್ಕೇ ಕೇಳಿದ. ಹಿತ್ತಿಲ ನಲ್ಲಿಯ ಹತ್ತಿರ ಅತ್ತೆ ಪಾತ್ರೆ ತೊಳೆಯುತ್ತಿದ್ದಳು. ಬಾಯಲ್ಲಿ ಬ್ರಷ್ಷು, ಗಲ್ಲದವರೆಗೆ ನೊರೆ, ಎರಡು ಬೆರಳಿನ ನಡುವೆ ಸತ್ತ ಇಲಿಯ ಬಾಲ ಹಿಡಿದ ಹಾಗೆ ಒಂದು ಎಲೆ. ಬ್ರಷ್ಷನ್ನು ದವಡೆಗೆ ಸರಿಸಿ ಕೇಳಿದ.

"ಅತ್ತೆ, ಇದೇನು ನೋಡ್ತೀರಾ? ಕೆಳಗಡೆ ಮೂಲೇಲಿ ಹೀಗಾಗಿದೆ."

ಅತ್ತೆ ನೋಡಿದಳು. ನೋಡಬೇಕಾದದ್ದೇನೂ ಇರಲಿಲ್ಲ. ಅವಳು ಕಾಯುತ್ತಿದ್ದ ಗಳಿಗೆ ಬಂದಿತ್ತು, ಆದರೆ ಬಂದ ರೀತಿ ನೋಡಿ! ಇದು ಕೇಳುವ ಚಂದವೇ? ನೊರೆ ಸುರಿಸಿಕೊಂಡು, ನಲ್ಲಿಯ ಹತ್ತಿರ, ಸಾಕ್ಷಿಗೆ ಒಂದು ನರಪಿಳ್ಳೆಯೂ ಇಲ್ಲದೆ?

"ನನಗೇನು ಗೊತ್ತಪ್ಪಾ" ಎಂದಳು. "ನಾನು ಹಳೇ ಕಾಲದವಳು. ಸಂಘದ ಮೀಟಿಂಗಿಗೆ ಹೋಗೋರು ನೀವು."

"ಅಲ್ಲ ಅತ್ತೆ, ಇಷ್ಟು ವರ್ಷ ನೀವು ನೋಡಿರ್ತೀರಲ್ಲ."

"ಹೊಲ ನಿಮ್ಮದು ಅಂತ ಆವತ್ತೇ ಹೇಳಿದೀನಲ್ಲ. ನಿಮ್ಮ ಹೊಲದ ಎಲೆ ನನ್ನ ಯಾಕೆ ಕೇಳ್ತೀರಿ?"

ಅವನು ಸ್ವಲ್ಪ ಹೊತ್ತು ಎಲೆಯನ್ನೂ ಅವಳನ್ನೂ ನೋಡಿದ. ಬಾಯಿ ಮುಕ್ಕಳಿಸಿ ಉಗಿದ. ಆಮೇಲೆ ಅವನ ಮುಖ ಹಗುರಾಯಿತು.

"ದೊಡ್ಡದೇನೂ ಇರಲ್ಲ ಬಿಡಿ. ದೊಡ್ಡದಾಗಿದ್ರೆ ನೀವು ಹೇಳದೇ ಇರ್ತಿದ್ರಾ?" ಎಂದು ಒಳಗೆ ಹೋದ.

ಆ ಮಾತು ಅವಳನ್ನು ಸ್ವಲ್ಪ ಹೊತ್ತು ಚುಚ್ಚಿತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ನಂಬಿಕೆಯಂತೆ ನಂಬಿಕೆ! ನಂಬಿಕೆ ಇದ್ದವನು ಇನ್ನೊಂದು ಸಲ ಕೇಳಬಾರದಿತ್ತೇ? ಮೂರನೆಯ ಸಲಕ್ಕೆ ಖಂಡಿತ ಹೇಳುತ್ತಿದ್ದಳು. ಎರಡನೆಯದಕ್ಕೇ ಬಿಟ್ಟುಹೋದವನು ಅವನು.

ಅಳಿಯ ಎಲೆಯನ್ನು ಔಷಧಿ ಅಂಗಡಿಗೆ ಒಯ್ದ. ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಲೇ ಎಲೆಯನ್ನು ಓರೆಗಣ್ಣಿನಿಂದ ನೋಡಿ, "ಪೊಟ್ಯಾಷ್ ಕಮ್ಮಿ" ಎಂದು ಒಂದು ಚೀಲ ದೂಡಿದ. ಯಾವ ಚೀಲದ ರಾಶಿ ಎತ್ತರವಿದೆಯೋ ಅದು ಕಮ್ಮಿ ಎನ್ನುವುದು ಆ ಅಂಗಡಿಯ ಪದ್ಧತಿ. ಗೊಬ್ಬರ ಕರಗಬೇಕೆಂದು ಅಳಿಯ ಆ ಸಂಜೆ ಸ್ಪ್ರಿಂಕ್ಲರನ್ನು ಎಂದಿಗಿಂತ ಹೆಚ್ಚು ಹೊತ್ತು ತಿರುಗಿಸಿದ. ಅತ್ತೆ ಕುರ್ಚಿಯಲ್ಲಿ ಕೂತಿದ್ದಳು. ಹಾರುವ ಪ್ರತಿ ಹನಿಯೂ ಒಂದು ಎಲೆಯ ರೋಗವನ್ನು ಇನ್ನೊಂದಕ್ಕೆ ಹೊತ್ತೊಯ್ಯುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡಳು.

ಸಂಘದವರು ಬಂದ ದಿನ ತುಂತುರು ಮಳೆ ಹಿಡಿದಿತ್ತು. ಕಾರಿನಿಂದ ಇಳಿದವರು ಹೊಲಕ್ಕಿಂತ ಮೊದಲು ತಮ್ಮ ಬೂಟು ನೋಡಿಕೊಂಡರು. ಬಸಿಗಾಲುವೆಯ ಮೇಲೆ ಮಾಡಿದ ದಾರಿಯಲ್ಲಿ ಎರಡು ಹೆಜ್ಜೆ ಬಂದು, ಕೊಡೆಗಳ ಕೆಳಗೆ ಗುಂಪಾಗಿ ನಿಂತರು. ಕೆಳಗಿನ ಮೂಲೆಯಲ್ಲಿ ಆಗಲೇ ಚಾಪೆಯಷ್ಟು ಜಾಗ ಕಪ್ಪಾಗಿತ್ತು. ಅಳಿಯ ಅದಕ್ಕೆ ಅಡ್ಡಲಾಗಿ ನಿಂತು ನಕ್ಕ. ಅಡ್ಡ ನಿಲ್ಲುವ ಅಗತ್ಯವೇನೂ ಇರಲಿಲ್ಲ. ಆ ಕಪ್ಪು ಕಂಡಿದ್ದರೂ ಅಧ್ಯಕ್ಷ ಅದನ್ನು ನೆರಳೆಂದುಕೊಳ್ಳುತ್ತಿದ್ದ.

"ಏನು ಹಸಿರು, ಏನು ಹಸಿರು!" ಎಂದ ಅಧ್ಯಕ್ಷ. "ಇದು ಹೇಗೆ ಬಂತು?"

"ಎಲ್ಲ ನಮ್ಮ ಅತ್ತೆಯಿಂದ" ಎಂದ ಅಳಿಯ. "ನಾವೇನು, ನೀರು ಬಿಡೋರು ಅಷ್ಟೆ."

ಕೊಡೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಅತ್ತೆಗೆ ಇರುಸುಮುರುಸಾಯಿತು. ಹೊಗಳಿಕೆಯನ್ನು ಅವಳು ಬೇಡವೆನ್ನುವವಳಲ್ಲ, ಆದರೆ ಇವನ ಬಾಯಿಂದ ಬಂದದ್ದಕ್ಕೆ ಏನೋ ವಾಸನೆ. ಮುಖಸ್ತುತಿ, ಅವಳ ಬಾಯಿ ಮುಚ್ಚಿಸಲು ಮಾಡಿದ ಉಪಾಯ ಎಂದು ತೀರ್ಮಾನಿಸಿ ಅವಳು ಸಮಾಧಾನ ಮಾಡಿಕೊಂಡಳು. ಬೋರ್ಡು ನೆಟ್ಟರು. ಅಳಿಯ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ತೆಗೆದದ್ದು ಮಗಳು, ಕೆಲಸದಿಂದ ಬಂದು ಚೀಲ ಕೆಳಗಿಡುವ ಮೊದಲೇ. ಮಗಳು ನಗುತ್ತಿದ್ದಳು, ಅದೂ ಅತ್ತೆಗೆ ಹಿಡಿಸಲಿಲ್ಲ.

"ಅಮ್ಮಾ, ಆ ಮೂಲೆ ಕಪ್ಪಾಗಿದೆಯಲ್ಲ, ನೋಡಿದ್ಯಾ?" ಎಂದು ಕೇಳಿದಳು ಮಗಳು, ರಾತ್ರಿ ಊಟಕ್ಕೆ ಬಡಿಸುವಾಗ.

"ಮಾದರಿ ಹೊಲದಲ್ಲಿ ಕಪ್ಪೇ ಮಾದರಿ ಇರಬೇಕು" ಎಂದಳು ಅತ್ತೆ. ಮಗಳು ದಣಿದಿದ್ದಳು, ಮತ್ತೆ ಕೇಳಲಿಲ್ಲ.

ತುಂತುರು ಮಳೆ ನಿಲ್ಲಲಿಲ್ಲ. ಹಗಲು ಮಂಜು, ಸಂಜೆ ಹನಿ. ಅಂಗಮಾರಿಗೆ ಇದಕ್ಕಿಂತ ದೊಡ್ಡ ಔತಣವಿಲ್ಲ. ಮೂಲೆಯ ಕಪ್ಪು ಹೊಲದ ಅರ್ಧಕ್ಕೆ ಬಂತು, ಆಮೇಲೆ ಮೇಲಿನ ಅಂಚಿಗೆ ಬಂತು. ಇಡೀ ಹೊಲದ ಮೇಲೆ ಯಾರೋ ಕುದಿಯುವ ನೀರು ಸುರಿದ ಹಾಗೆ ಗಿಡಗಳು ಬಾಡಿ, ಜೋತು, ಕೊಳೆತವು. ಒಂದು ಹುಳಿ ನಾತ ಮನೆಯ ಕಿಟಕಿಯವರೆಗೂ ಬಂತು. ರಸ್ತೆಯ ಪಕ್ಕ "ಮಾದರಿ ಹೊಲ" ಎಂಬ ಬೋರ್ಡು ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಳಿಯ ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಕೂತು ಹೊಲ ನೋಡುತ್ತಿದ್ದ. ಫೋನು ಜೇಬಿನಲ್ಲೇ ಇತ್ತು.

ಮೊದಲೆರಡು ದಿನ ಅತ್ತೆಗೆ ಖುಷಿಯೇ ಆಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ಅಡುಗೆಮನೆಯಲ್ಲಿ ಅವಳು ಏನೋ ಗುನುಗುತ್ತಿದ್ದಳು. ತನ್ನ ಸಾಲುಗಳಿಗೆ ಮೈಲುತುತ್ತದ ಕವಚವಿದೆ, ತನ್ನ ದಿಂಡುಗಳಿಗೆ ಎತ್ತರದ ಮಣ್ಣಿದೆ, ಹೋದರೆ ಹೋದದ್ದು ಅವನ ಬೆಳೆ. ಈಗಲಾದರೂ ಬರುತ್ತಾನೆ ಎಂದು ಬಾಗಿಲ ಕಡೆಯೇ ಕಿವಿ ಕೊಟ್ಟಿದ್ದಳು. ಅವನು ಬರಲಿಲ್ಲ. ನಾಚಿಕೆಯಿಂದ ಬರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಕೊಬ್ಬು ಎಂದುಕೊಂಡಳು.

ಮಳೆ ಒಂದು ಗಳಿಗೆ ಬಿಟ್ಟಾಗ ಅವಳು ಬೀಜದ ಸಾಲುಗಳನ್ನು ನೋಡಲು ಇಳಿದಳು. ಅರ್ಧ ದಾರಿಯಲ್ಲೇ ಅವಳ ಕಾಲು ಪಾದ ಮುಳುಗುವಷ್ಟು ಹೂತುಹೋಯಿತು. ಹೊರಗೆ ಹೋಗಬೇಕಾದ ನೀರು, ಬಸಿಗಾಲುವೆ ಮುಚ್ಚಿದ್ದರಿಂದ, ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಏರುತ್ತ ಬಂದು ಅವಳ ದಿಂಡುಗಳ ನಡುವೆ ನಿಂತಿತ್ತು. ಕಪ್ಪಗೆ, ನೊರೆ ಕಟ್ಟಿಕೊಂಡು, ಅಳಿಯನ ಹೊಲದ ಕೊಳೆತ ಎಲೆಗಳನ್ನೆಲ್ಲ ತೇಲಿಸಿಕೊಂಡು. ಮೇಲೆ ನೋಡಿದಳು. ನೀಲಿ ಹನಿ ಒಣಗಿದ ಹಳೆಯ ಎಲೆಗಳು ನೆಟ್ಟಗಿದ್ದವು. ಆದರೆ ಔಷಧಿ ಹೊಡೆದ ಮೇಲೆ ಚಿಗುರಿದ ಎಲೆಗಳಲ್ಲಿ ಒಂದೂ ಬಿಡದೆ ಮಚ್ಚೆ. ಮೈಲುತುತ್ತ ರೋಗ ಒಳಗೆ ಬರದಂತೆ ಹೊಸಿಲಲ್ಲಿ ಕಾಯುವ ಔಷಧಿ. ಸುತ್ತ ಇಡೀ ಹೊಲವೇ ರೋಗದ ಉಗ್ರಾಣವಾದಾಗ ಎಷ್ಟು ಹೊಸಿಲನ್ನು ಕಾಯುತ್ತದೆ? ಇದು ಅವಳಿಗೆ ತಿಳಿಯದ ಸಂಗತಿಯಲ್ಲ. ತಿರಸ್ಕಾರದ ಅಮಲಿನಲ್ಲಿ, ಗಾಳಿಗೂ ನೀರಿಗೂ ಅವಳ ಸಾಲಿನ ಗಡಿ ಗೊತ್ತಿರುತ್ತದೆ ಎಂದುಕೊಂಡಿದ್ದಳು.

ಬಂದ ದಾರಿಯಲ್ಲೇ ಕುಂಟುತ್ತ ಮನೆಗೆ ಹೋದಳು. ಕುಡುಗೋಲು ತಂದಳು. ಮಡಚಲಾಗದ ಮೊಣಕಾಲನ್ನು ಕೆಸರಿಗೇ ಊರಿ, ಬುಡಕ್ಕೆ ಕೈ ಹಾಕಿ, ತಾನು ಬೆಳೆಸಿದ ಗಿಡಗಳನ್ನು ತಾನೇ ಕೊಯ್ಯತೊಡಗಿದಳು. ಆಮೇಲೆ ಅದನ್ನು ಅಲ್ಲೇ ಬಿಟ್ಟು ಗುದ್ದಲಿ ಎಳೆದುಕೊಂಡು ಬಸಿಗಾಲುವೆಯ ಕಡೆ ಹೋದಳು. ಎರಡು ಏಟು ಹಾಕುವಷ್ಟರಲ್ಲಿ ಉಸಿರು ಕಟ್ಟಿತು. ಮೂರನೆಯ ಏಟಿಗೆ ಗುದ್ದಲಿ ಅವಳ ಕೈಯಲ್ಲಿರಲಿಲ್ಲ. ಅಳಿಯ ಬರಿಗಾಲಿನಲ್ಲಿ ಓಡಿಬಂದು ಅದನ್ನು ಕಿತ್ತುಕೊಂಡಿದ್ದ.

"ಎಲ್ಲಿ ಅತ್ತೆ? ಎಲ್ಲಿ ತೋಡ್ಲಿ?"

ಅವಳು ಬೆರಳು ತೋರಿಸಿದಳು. ಅವನು ತೋರಿಸಿದಲ್ಲಿ, ತೋರಿಸಿದಷ್ಟು ಅಗಲಕ್ಕೆ ಅಗೆದ. ಯಾಕೆ ಎಂದು ಕೇಳಲಿಲ್ಲ, ನಿಲ್ಲಲೂ ಇಲ್ಲ. ನೀರು ಬುಳಬುಳನೆ ರಸ್ತೆಬದಿಯ ಚರಂಡಿಗೆ ಹೊರಟಾಗ ಅವನು ಗುದ್ದಲಿಗೆ ಒರಗಿ ಏದುಸಿರು ಬಿಡುತ್ತ ಅವಳನ್ನು ನೋಡಿ ನಕ್ಕ. ಎಂಥ ಸುಲಭದ ಆಳು ಎಂದು ಅವಳಿಗೆ ಅನ್ನಿಸಿತು. ಹೇಳಿದ್ದರೆ ಮಾಡುತ್ತಿದ್ದನಲ್ಲ ಎಂಬ ಯೋಚನೆ ಅದರ ಬೆನ್ನಿಗೇ ಬಂತು. ಅವಳು ಮುಖ ತಿರುಗಿಸಿ, ಉಳಿದ ಗಿಡ ಕೊಯ್ಯಲು ಹೋದಳು.

ನೆಲ ಆರಿದ ಮೇಲೆ ಬೀಜದ ಸಾಲುಗಳನ್ನು ಅಗೆದರು. ಪಕ್ಕದ ಹೊಲದ ಗಂಡ ಹೆಂಡತಿ ಸಹಾಯಕ್ಕೆ ಬಂದಿದ್ದರು. ಮಗಳು ರಜೆ ಹಾಕಿದ್ದಳು. ಜಗಲಿಯ ಮೇಲೆ ಹಲಗೆ ಇಟ್ಟುಕೊಂಡು, ಗೋದಾಮಿನಲ್ಲಿ ಮಾಡುವ ಹಾಗೆ, ಬಂದ ಗೆಡ್ಡೆಯನ್ನೆಲ್ಲ ಚಾಕುವಿನಿಂದ ತುದಿ ಕೊಯ್ದು ನೋಡುತ್ತಿದ್ದಳು. ಕೆಂಪು ಸಿಪ್ಪೆಯ ಕೆಳಗೆ ತುಕ್ಕಿನ ಬಣ್ಣದ ಕಲೆ, ಒಳಕ್ಕೆ ಹಬ್ಬುತ್ತಿದ್ದ ಕಲೆ. ಎಸೆಯುವಳು. ಮತ್ತೊಂದು ಕೊಯ್ಯುವಳು. ಎಸೆಯುವಳು. ಕೆಲವನ್ನು ಕೊಯ್ಯುವ ಅಗತ್ಯವೇ ಇರಲಿಲ್ಲ, ಹಿಡಿದರೆ ಬೆರಳು ಒಳಗೆ ಹೋಗುತ್ತಿತ್ತು. ಎಡಗಡೆಯ ರಾಶಿ ಬೆಳೆಯಿತು. ಬಲಗಡೆ ಅತ್ತೆ ಹಾಸಿಟ್ಟಿದ್ದ ಗೋಣಿಯ ಮೇಲೆ ಏನೂ ಬೀಳಲಿಲ್ಲ. ಅತ್ತೆ ಪ್ರತಿ ಗೆಡ್ಡೆಗೂ ಮಗಳ ಕೈ ನೋಡುತ್ತಿದ್ದಳು.

"ಆವತ್ತು ನಮಗೂ ನಾಲ್ಕು ಗೆಡ್ಡೆ ಕೊಟ್ಟಿದ್ರೆ, ಇವತ್ತು ವಾಪಸ್ ತಂದು ಕೊಡ್ತಿದ್ವಿ" ಎಂದಳು ಪಕ್ಕದ ಹೊಲದವಳು. ಅನುಕಂಪದಿಂದ ಹೇಳಿದಳೋ, ಕುಟುಕಲು ಹೇಳಿದಳೋ, ಎರಡೂ ಇದ್ದಿರಬೇಕು.

ಕೊನೆಯ ಬುಟ್ಟಿಯ ಜೊತೆ ಒಂದು ಒಣಗಿದ ಗಿಡದ ಬುಡವೂ ಬಂದಿತ್ತು. ಮಗಳು ಅದನ್ನು ಎಸೆಯಲು ಎತ್ತಿದವಳು ಹಾಗೇ ಹಿಡಿದುಕೊಂಡಳು. ಕಾಂಡದ ಮೇಲೆ ತಿಳಿನೀಲಿ ಚುಕ್ಕೆಗಳು. ಉಗುರಿನಿಂದ ಕೆರೆದು ನೋಡಿದಳು. ಎದ್ದು ಹೊಲಕ್ಕೆ ಹೋಗಿ, ಅಳಿಯನ ಭಾಗದಿಂದ ಇನ್ನೊಂದು ಬುಡ ಕಿತ್ತು ತಂದಳು. ಅದರಲ್ಲಿ ನೀಲಿ ಇರಲಿಲ್ಲ.

"ಅಮ್ಮಾ, ಮೈಲುತುತ್ತ ಯಾವಾಗ ಹೊಡೆದೆ?"

"ಬೀಜ ಉಳೀಲಿ ಅಂತ ಹೊಡೆದೆ. ತಪ್ಪೇನು?"

"ಯಾವಾಗ ಅಂತ ಕೇಳ್ದೆ."

"ಮೊದಲೇ."

"ಇವರು ಎಲೆ ತಂದು ನಿನಗೆ ತೋರಿಸಿದ್ರಲ್ಲ, ಅದಕ್ಕಿಂತ ಮೊದಲಾ?"

ಅತ್ತೆ ಗೋಣಿಯ ಮಡಿಕೆಯನ್ನು ಸರಿಮಾಡಿದಳು. ಸರಿಮಾಡುವಂಥದ್ದು ಅದರಲ್ಲೇನೂ ಇರಲಿಲ್ಲ. ಮಗಳು ಮತ್ತೆ ಕೇಳಲಿಲ್ಲ. ಗೋದಾಮಿನಲ್ಲಿ ಗೆಡ್ಡೆಯ ಒಳಗು ಕಂಡ ಮೇಲೆ ಮತ್ತೆ ಕೊಯ್ಯುವ ಅಭ್ಯಾಸ ಅವಳಿಗಿರಲಿಲ್ಲ.

ಅಷ್ಟರಲ್ಲಿ ಅಳಿಯ ಕೈಕಾಲು ತೊಳೆದುಕೊಂಡು ಜಗಲಿಯ ಹತ್ತಿರ ಬಂದ. ಎಡಗಡೆಯ ರಾಶಿ ನೋಡಿದ, ಖಾಲಿ ಗೋಣಿ ನೋಡಿದ. ಪಕ್ಕದ ಹೊಲದ ಗಂಡ ಹೆಂಡತಿ ನೋಡುತ್ತಿರುವಂತೆಯೇ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತ.

"ತಪ್ಪೆಲ್ಲ ನಂದೇ ಅತ್ತೆ. ನಂಗೆ ಏನೂ ಗೊತ್ತಾಗ್ಲಿಲ್ಲ. ನಿಮ್ಮ ಬೀಜಾನೂ ಹಾಳು ಮಾಡ್ದೆ. ಇನ್ಮೇಲೆ ಹೊಲ ನೀವೇ ನೋಡ್ಕೊಳ್ಳಿ. ನೀವು ಹೇಳಿದ ಹಾಗೆ ಮಾಡ್ತೀನಿ, ಒಂದು ಚೊಂಬು ನೀರು ಹಾಕೋಕೂ ನಿಮ್ಮನ್ನ ಕೇಳೇ ಹಾಕ್ತೀನಿ."

ಅವಳು ಬಯಸಿದ ಮಾತುಗಳೇ, ಬಯಸಿದ ಹಾಗೆಯೇ, ಸಾಕ್ಷಿ ಸಮೇತ. ಅತ್ತೆ ತಲೆಯೆತ್ತಿದಳು. ಆದರೆ ಮಾತಾಡಿದ್ದು ಮಗಳು. ಅವಳ ದನಿಯಲ್ಲಿದ್ದದ್ದು ಕೋಪವಲ್ಲ. ಕೊಳೆತದ್ದನ್ನು ಪಕ್ಕಕ್ಕೆ ಸರಿಸುವಾಗ ಅವಳ ಕೈಯಲ್ಲಿದ್ದ ನಿರ್ಲಿಪ್ತತೆಯೇ ಅದು.

"ಬೇಡ. ಅಮ್ಮನ ಕೈಗೆ ಹೊಲ ಕೊಡೋದು ಬೇಡ. ನೀವು ದಡ್ಡರು, ಇವತ್ತಲ್ಲ ನಾಳೆ ಕಲೀತೀರಿ. ಇವಳಿಗೆ ಗೊತ್ತಿತ್ತು."

ಪಕ್ಕದ ಹೊಲದವಳು ಬುಟ್ಟಿ ಕೆಳಗಿಟ್ಟಳು. ಅವಳ ಗಂಡ ಬೇರೆ ಕಡೆ ನೋಡಿದ. ಅಳಿಯ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಅತ್ತೆಯ ಮುಖ ನೋಡಿದ. ಅವನಿಗೆ ಅರ್ಥವಾಗಿರಲಿಲ್ಲ.

"ಏನು ಗೊತ್ತಿತ್ತು ಅತ್ತೆ?" ಎಂದು ಕೇಳಿದ.

ಎಂದಿನ ಒಂದು ಚುಚ್ಚುಮಾತು ಅವಳ ನಾಲಿಗೆಯ ತುದಿಗೆ ಬಂತು, ಅಲ್ಲೇ ಒಣಗಿತು. ಅವನು ನಿಜವಾಗಿಯೂ ಕೇಳುತ್ತಿದ್ದ. ಹೇಳದೆಯೇ ತಿಳಿದುಕೊಳ್ಳುವಷ್ಟು ಬುದ್ಧಿ ಇವನಿಗೆ ಇರಬಾರದಿತ್ತೇ ಎಂದು ಆ ಗಳಿಗೆಯಲ್ಲಿ ಅವಳು ಮನಸಾರೆ ಹಾರೈಸಿದಳು. ಇರಲಿಲ್ಲ. ನಾಲ್ಕು ಜನರ ಮುಂದೆ, ಬಾಯಿಬಿಟ್ಟು, ಅವಳೇ ಹೇಳಬೇಕಾಗಿತ್ತು.